ರುಮೇನಿಯಾದ ನಿರ್ದೇಶಕನೂ ಸಿಂದಗಿಯ ಸಾವುಕಾರರೂ

ಅವಮಾನವನ್ನು ಮರೆಯುವುದೇ ದೊಡ್ಡಸ್ತಿಕೆ ಎಂದು ಉಪದೇಶಿಸುವವರು ಸಾಮಾನ್ಯವಾಗಿ ಅವಮಾನ ಮಾಡಿದವರೇ ಆಗಿರುತ್ತಾರೆ. ನಾನಂತೂ ಮರೆಯುವವನಲ್ಲ. ನನ್ನ ಮದುವೆಯ ಊಟದಲ್ಲಿ ಮಾವನವರ ಅಣ್ಣ ನನಗಿಂತ ಮೊದಲು ಫೋಟೋದವನ ಎಲೆಗೆ ತುಪ್ಪ ಹಾಕಿಸಿದರು. "ಆ ತುಪ್ಪ ಇನ್ನೂ ಕರಗಿಲ್ಲೇನ್ರಿ?" ಎಂದು ನನ್ನ ಹೆಂಡತಿ ನೀಲವ್ವ ಆಗಾಗ ಕೇಳುತ್ತಾಳೆ. ಕರಗಿಲ್ಲ. ಆದ್ದರಿಂದಲೇ, ಒಂದೂ ಚಿತ್ರವನ್ನು ಕಣ್ಣಾರೆ ಕಾಣದಿದ್ದರೂ, ರುಮೇನಿಯಾ ದೇಶದ ಒಬ್ಬ ಸಿನಿಮಾ ನಿರ್ದೇಶಕ ನನಗೆ ಒಡಹುಟ್ಟಿದವನಂತೆ ತೋರಿದ. ಪುಣೆಯಲ್ಲಿ ಸಿನಿಮಾ ಕಲಿಯುತ್ತಿದ್ದ ನನ್ನ ತಂಗಿಯ ಮಗ ರಜೆಗೆ ಬಂದಾಗ ಅವನ ಕಥೆ ಹೇಳಿದ್ದ. ನಾಟಕದಿಂದ ಸಿನಿಮಾಕ್ಕೆ ಬಂದವನು. ಮೊದಲ ಚಿತ್ರಕ್ಕೆ ಹೊರದೇಶದಲ್ಲಿ ಬಹುಮಾನ. ಎರಡನೆಯದರಲ್ಲಿ ಅಧಿಕಾರಿಗಳನ್ನು ಇದ್ದ ಹಾಗೆಯೇ ತೋರಿಸಿದ. ಅಲ್ಲಿಯ ಕಮ್ಯುನಿಸ್ಟ್ ಸರಕಾರ, ಇಷ್ಟು ಕತ್ತರಿಸು ಎಂದಿತು. ಇವನು ಒಲ್ಲೆನೆಂದ. ಚಿತ್ರ ಡಬ್ಬಿ ಸೇರಿತು, ಕೆಲಸ ನಿಂತಿತು. ಕಡೆಗೆ ದೇಶ ಬಿಟ್ಟು ಪ್ಯಾರಿಸ್ಸಿಗೆ ಹೋಗಿ, ಪರಭಾಷೆಯಲ್ಲಿ ನಾಟಕ ಆಡಿಸಿಕೊಂಡು ಉಳಿದ.

ನಮ್ಮ ಸಿಂದಗಿಯ ವಾಚನಾಲಯದ ವಾರ್ಷಿಕೋತ್ಸವಕ್ಕೆ ಈ ವಿಷಯವನ್ನೇ ಆರಿಸಿಕೊಂಡೆ. ನಿವೃತ್ತ ವಕೀಲನಿಗೆ ಮಾತನಾಡುವ ಅವಕಾಶ ಅಪರೂಪ. ಆದರೆ ಅವು ತುರ್ತುಪರಿಸ್ಥಿತಿಯ ದಿನಗಳು. ಮೇಲಾಗಿ ತಹಶೀಲ್ದಾರರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರಿದ್ದರು. ಹೀಗಾಗಿ ವಾಚನಾಲಯದ ಅಧ್ಯಕ್ಷರೂ ಕಾಳುಕಡಿಯ ಅಡತಿ ಅಂಗಡಿಯ ಮಾಲೀಕರೂ ಆದ ಮಲ್ಲಪ್ಪ ಸಾವುಕಾರರು ಭಾಷಣವನ್ನು ಮೊದಲೇ ನೋಡಬೇಕೆಂದರು. ನಾನೂ ಕಸುಬು ಬಲ್ಲವನು. ಮೊದಲಲ್ಲಿ ಬಸವಣ್ಣನ ಬಾಗೇವಾಡಿಯ ಸ್ತುತಿ, ಕೊನೆಯಲ್ಲಿ ದೇಶಭಕ್ತಿ ಇಟ್ಟು, ಖಾರದ ಮಾತನ್ನೆಲ್ಲ ನಡುವೆ ಹುದುಗಿಸಿದ್ದೆ. ಸಾವುಕಾರರು ಗಾದಿಯ ಮೇಲೆ ಕುಳಿತು, ಹಾಳೆಗಳನ್ನು ಸರಿಯಾಗಿ ನಡುವೆ ತೆರೆದು ಅಲ್ಲಿಂದಲೇ ಓದತೊಡಗಿದರು!

"ಮೊದಲಿಂದ ಓದ್ರಿ ಸಾವ್ಕಾರ್ರ," ಎಂದೆ.

"ವಕೀಲ್ ಸಾಹೇಬ್ರ, ಜೋಳದ ಚೀಲದಾಗ ಮ್ಯಾಲಿಂದು ಯಾವತ್ತೂ ಚಲೋನ ಇರ್ತೈತ್ರಿ. ನಾವು ನಡುವ ಚುಚ್ಚಿ ನಮೂನಿ ತಗೋತೀವಿ." ಪೆನ್ಸಿಲ್ ಒಂದು ಸಾಲಿನ ಮೇಲೆ ನಿಂತಿತು: 'ಜನರ ನಗುವನ್ನು ನಿಲ್ಲಿಸಲಾರದ ಸರಕಾರ ಚಿತ್ರವನ್ನೇ ನಿಲ್ಲಿಸಿತು.' "ಇದು ಬ್ಯಾಡ್ರಿ." ಅದರ ಹಿಂದೆ ಇಡೀ ನಡುಭಾಗವೇ ಹೋಯಿತು. ಉಳಿದದ್ದರಲ್ಲಿ ರುಮೇನಿಯಾದವನು ಹುಟ್ಟುತ್ತಿದ್ದ, ಕೂಡಲೇ ಪ್ಯಾರಿಸ್ಸಿನಲ್ಲಿರುತ್ತಿದ್ದ.

ನಾನು ಒಲ್ಲೆನೆಂದೆ. ಆತ ದೇಶ ಬಿಟ್ಟ. ನಾನು ತಾಲ್ಲೂಕು ಬಿಟ್ಟೆ. ಪಕ್ಕದ ತಾಲ್ಲೂಕಾದ ಇಂಡಿಯಲ್ಲಿ ನೀಲವ್ವನ ತಮ್ಮನಿದ್ದಾನೆ. ಅಲ್ಲಿಯ ತರುಣರ ಸಂಘದಲ್ಲಿ ಅವನು ಭಾಷಣ ಇಡಿಸಿದ. "ಗಡೀಪಾರಾದವರು ರೊಟ್ಟಿ ಬುತ್ತಿ ಒಯ್ತಾರೇನ್ರಿ?" ಎನ್ನುತ್ತ ನೀಲವ್ವ ಶೇಂಗಾ ಚಟ್ನಿಯನ್ನೂ ಕಟ್ಟಿಕೊಟ್ಟಳು. ಇಂಡಿಯಲ್ಲಿ ಯಾರೂ ಭಾಷಣವನ್ನು ಮುಟ್ಟಲಿಲ್ಲ. ಇಡಿಯಾಗಿ ಓದಿದೆ. ಆ ಸಾಲು ಬಂದಾಗ ದನಿ ಏರಿಸಿ ಬಾಗಿಲ ಕಡೆ ನೋಡಿದೆ. ಬಾಗಿಲಲ್ಲಿದ್ದ ಪೊಲೀಸಪ್ಪ ಆಕಳಿಸಿದ. ಯಾರೂ ನಗಲಿಲ್ಲ, ಯಾರೂ ಅಂಜಲಿಲ್ಲ. ವಂದನಾರ್ಪಣೆಯ ಹುಡುಗ ರಷ್ಯಾದ ಬಗ್ಗೆ ಚೆನ್ನಾಗಿ ತಿಳಿಸಿದ್ದಕ್ಕೆ ಕೃತಜ್ಞತೆ ಹೇಳಿದ.

ತಿರುಗಿ ಬಂದ ಮೇಲೆ ಸಾವುಕಾರರು ಪೇಟೆಯಲ್ಲಿ ತಡೆದರು. "ಇಂಡ್ಯಾಗ ಪೂರಾ ಓದಿದ್ರಂತ. ಜನರ ನಗುವನ್ನು ನಿಲ್ಲಿಸಲಾರದ ಸರಕಾರ ಚಿತ್ರವನ್ನೇ ನಿಲ್ಲಿಸಿತು ಅಂದಾಗ ಮಂದಿ ಏನಂದ್ರು?" ಒಂದಕ್ಷರವೂ ತಪ್ಪಿರಲಿಲ್ಲ! "ಎಂಥಾ ಮಾತ್ರಿ ಅದು! ಚಲೋ ಇತ್ತಂತನ ತೆಗೆದೆ. ಸಪ್ಪಗಿದ್ರ ಅದಕ್ಯಾರ್ ಅಂಜ್ತಿದ್ರು?" ಇಬ್ಬರೂ ಕೂಡಿ ಚಹಾ ಕುಡಿದೆವು. ಪ್ಯಾರಿಸ್ಸಿನಲ್ಲಿ ಆ ಪುಣ್ಯಾತ್ಮನಿಗೆ ಅವನ ಸಾಲನ್ನು ಬಾಯಿಪಾಠ ಮಾಡಿದ ಒಬ್ಬ ವೈರಿಯಾದರೂ ಇದ್ದನೋ ಇಲ್ಲವೋ ಎಂದು ಮರುಕವಾಯಿತು.

ಮರುವರ್ಷ, ತುರ್ತುಪರಿಸ್ಥಿತಿ ಇನ್ನೂ ಇದ್ದಾಗಲೇ, ಹೊಸ ಭಾಷಣದ ನಡುವೆ, ಬೇಕೆಂದೇ, ಮೊದಲಿಗಿಂತ ಖಾರವಾದ ಮಾತುಗಳನ್ನಿಟ್ಟು ಹೆಮ್ಮೆಯಿಂದ ಗಾದಿಯ ಮುಂದೆ ಕುಳಿತೆ. ಸಾವುಕಾರರು ನಡುವೆ ತೆರೆದರು, ಹಿಂದೆ ಮುಂದೆ ಓದಿದರು, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಹಾಳೆಗಳನ್ನು ಮರಳಿ ಕೊಟ್ಟರು.

"ಎಲ್ಲಾ ಸಾಫ್ ಐತ್ರಿ. ಅಂಜುವಂಥಾದ್ದು ಏನೂ ಇಲ್ಲ."

ಈ ಅವಮಾನವನ್ನೂ ಆ ತುಪ್ಪದ ಪಕ್ಕದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.