ಅಣ್ಣ ಹಾಕಿದ ಬೆಲೆ

ನಮ್ಮ ವೈನಿಗೆ ಸಂಬಂಧಿಕರೆಂದರೆ ಸಂಶಯ! ಹಾಗಂತ ಜಗಳಗಂಟಿ ಅಂದುಕೊಳ್ಳಬೇಡಿ. ಅಣ್ಣನ ಹೆಂಡತಿಯಾಗಿ ಮನೆಗೆ ಬಂದಾಗಿನಿಂದ ನನಗೊಂದು ಗಡಸು ಮಾತು ಆಡಿದವರಲ್ಲ. ಅವರ ನೌಕರಿಯೇ ಅಂಥದ್ದು. ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ. ಪರದೇಶದ ಕಂಪನಿಯೊಂದು ಇಲ್ಲಿರುವ ತನ್ನ ನೆಂಟರ ಕಂಪನಿಗೆ ಸರಕು ಕಳಿಸಿದಾಗ, ಬಿಲ್ಲಿನಲ್ಲಿರುವ ಬೆಲೆ ನಿಜವೇ ಎಂದು ನೋಡುವುದು ಅವರ ಕೆಲಸ. ಬೆಲೆ ಕಡಿಮೆ ತೋರಿಸಿದರೆ ಸುಂಕವೂ ಕಡಿಮೆ ತಾನೇ?

ಈ ಚಾಳಿ ಮನೆಗೂ ಬಂತು ನೋಡಿ! ಕಾಚಿಗೂಡದಲ್ಲಿ ನಮ್ಮ ಸೋದರಮಾವನ ಸೀರೆ ಅಂಗಡಿ. "ನಮ್ಮವರಂತ ಈ ರೇಟು" ಎಂದು ವೈನಿಗೊಂದು ಸೀರೆ ಕೊಟ್ಟ ಮಾವ. ಮರುದಿನ ವೈನಿ ಪಕ್ಕದ ಮನೆಯ ತೆಲುಗು ಹೆಂಗಸನ್ನು ಅಂಥದೇ ಸೀರೆಗೆ ಕಳಿಸಿದರು. ಆಕೆಗೆ ಇನ್ನೂ ನೂರು ರೂಪಾಯಿ ಕಡಿಮೆ!

"ಮಾಮಾ, ಸಂಬಂಧದಿಂದ ಬೆಲಿ ಬದಲಾಗೇತಿ ನೋಡ್ರಿ" ಎಂದು ವೈನಿ ಗಂಭೀರವಾಗಿ ವರದಿ ಒಪ್ಪಿಸಿದರು. ಮಾವ ಆರು ತಿಂಗಳು ಮಾತು ಬಿಟ್ಟ.

"ಹಂಗಾರ ನೆಂಟರ ನಡುವ ವ್ಯಾಪಾರಾನ ತಪ್ಪೇನ್ರಿ ವೈನಿ?" ಎಂದೆ.

"ಸಂಬಂಧ ತಪ್ಪಲ್ಲಪ್ಪ. ಹೊರಗಿನವರಿಗೂ ಅದೇ ಬೆಲಿ ಇದ್ರ ಮುಗೀತು. ಸಂಬಂಧ ನೋಡಿ ಇಳಿಸಿದ್ರ, ಸುಂಕಕ್ಕಂತ ನಾವು ಆ ಬೆಲಿ ಏರಿಸ್ತೀವಿ."

ಕಳೆದ ವರ್ಷ ಒಂದು ಸಂಜೆ ವೈನಿ ಚಹಾ ಮುಟ್ಟದೆ ಕೂತಿದ್ದರು. ಬಹಳ ಕೇಳಿದ ಮೇಲೆ, ಹೆಸರು ಬಿಟ್ಟು ಹೇಳಿದರು. ಬೀದರ್ ಕಡೆಯ ಇಬ್ಬರು ಅಣ್ಣತಮ್ಮಂದಿರು. ಅಣ್ಣ ದುಬೈಯಲ್ಲಿ ಹೊಲಿಗೆ ಯಂತ್ರದ ಬಿಡಿಭಾಗ ಮಾರುತ್ತಾನೆ. ತಮ್ಮ ಅವನಿಂದ ಬೇಗಂಪೇಟೆಗೆ ತರಿಸುತ್ತಾನೆ. ಬೆಲೆ ಕಡಿಮೆ ಕಂಡು ವೈನಿ ಆ ದುಬೈ ಅಣ್ಣನಿಂದ ಖರೀದಿ, ಮಾರಾಟದ ಕಾಗದ ತರಿಸಿದರು. ಅವನು ಬೇರೆ ಗಿರಾಕಿಗಳಿಗೆ ಲಾಭಕ್ಕೇ ಮಾರಿದ್ದ. ತಮ್ಮನಿಗೆ ಮಾತ್ರ, ತಾನು ಕೊಂಡದ್ದಕ್ಕಿಂತಲೂ ಕಡಿಮೆಗೆ! ಉಳಿದ ಹಣ ತಮ್ಮನಿಂದ ಅಣ್ಣನಿಗೆ ಕಳ್ಳದಾರಿಯಲ್ಲಿ ಹೋಗಿದೆಯೇ ಎಂದು ಬ್ಯಾಂಕಿನ ಕಾಗದಗಳನ್ನೂ ಜಾಲಾಡಿದರು. ಏನೂ ಸಿಗಲಿಲ್ಲ.

ಅಣ್ಣನ ಖರೀದಿ ಬೆಲೆಯಿದ್ದ ಹಾಳೆಯನ್ನು ತಮ್ಮನ ಮುಂದಿಟ್ಟರಂತೆ. ಅವನು ಎರಡು ಸಲ ಓದಿದ.

"ನಾ ಚೌಕಾಸಿ ಮಾಡಿ ಗೆದ್ದೀನಿ ಅಂತ ತಿಳ್ಕೊಂಡಿದ್ದೆ ಮೇಡಂ. ಪ್ರತಿ ಸಲ ಜಗಳಾಡಿ ರೇಟ್ ಇಳಿಸ್ತಿದ್ದೆ. ಅಣ್ಣ ಸೋತಂಗ ಮಾಡ್ತಿದ್ದ."

ಬೆಲೆ ಏರಿಸಿ, ಹೆಚ್ಚಿನ ಸುಂಕ ಹಾಕುವ ಆದೇಶಕ್ಕೆ ವೈನಿ ಸಹಿ ಮಾಡಿದರು. ಮಾಡಲೇಬೇಕಿತ್ತು. ಅವನು ವಾದಿಸಲಿಲ್ಲ. ಎದ್ದು ನಿಂತು ಒಂದೇ ಒಂದು ಮಾತು ಕೇಳಿದ.

"ಅಣ್ಣ ಕೊಂಡ ಬೆಲಿ ಬರೆದ ಆ ಹಾಳಿ ಐತಲ್ರಿ, ಅದರದೊಂದು ಕಾಪಿ ನನಗ ಕೊಡ್ತೀರೇನ್ರಿ?"

ವೈನಿ ಯಾರನ್ನೂ ಕಳಿಸದೆ, ತಾವೇ ಎದ್ದು ಹೋಗಿ ಜೆರಾಕ್ಸ್ ಮಾಡಿಸಿ ತಂದರು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ, ಅಂಗಿಯ ಮೇಲಿನ ಜೇಬಿನಲ್ಲಿಟ್ಟುಕೊಂಡು, ಕಾರಿಡಾರಿಗೆ ಹೋಗಿ ದುಬೈಗೆ ಫೋನ್ ಹಚ್ಚಿದನಂತೆ. ಅಣ್ಣ ಎತ್ತಿದ. ತಮ್ಮ ಜೇಬಿನಿಂದ ಹಾಳೆ ತೆಗೆದು ಬಿಡಿಸಿ, ಅಣ್ಣ ಕೊಂಡ ಬೆಲೆಗಳನ್ನು ಒಂದೊಂದಾಗಿ ಅವನಿಗೇ ಓದಿ ಹೇಳತೊಡಗಿದ.