ಸಂಕ್ರಾಂತಿಯೊಳಗೆ ಒಂದು ಸ್ವೆಟರ್

ನಾನು ಉಲ್ಲನ್ ಕಡ್ಡಿ ಕೈಗೆತ್ತಿಕೊಂಡೆ ಅಂದರೆ ಮುಗೀತು, ನಮ್ಮನೇಲಿ ಏನಾದರೊಂದು ಎಡವಟ್ಟು ಆಗಲೇಬೇಕು. ಹಾಲು ಉಕ್ಕುತ್ತೆ, ಇಲ್ಲ ಹಸು ಹಗ್ಗ ಬಿಚ್ಚಿಕೊಂಡು ಪಕ್ಕದವರ ರಾಗಿಗೆ ನುಗ್ಗುತ್ತೆ. ತಪ್ಪು ಮಾತ್ರ ಯಾವಾಗಲೂ ಕಡ್ಡಿಯದ್ದೇ.

ಮಾಸ್ತಿ ಹತ್ತಿರದ ನಮ್ಮೂರಲ್ಲಿ ಸ್ವೆಟರ್ ಹೆಣೆಯೋಳು ನಾನೊಬ್ಬಳೇ. ಮಾಲೂರಿನಲ್ಲಿ ಉಲ್ಲನ್ ಅಂಗಡಿ ಇಟ್ಟಿರೋ, ಎಲ್ಲರೂ ಖಾಲಾ ಅಂತ ಕರೆಯೋ ಮುಸ್ಲಿಂ ಹೆಂಗಸು ಕಲಿಸಿಕೊಟ್ಟ ವಿದ್ಯೆ. ನಾಲ್ಕು ವರ್ಷ ಆಯ್ತು, ಹೆಣೆದಿದ್ದನ್ನು ಮನೇಲಿ ಒಬ್ಬರೂ ಹಾಕಿಕೊಂಡಿಲ್ಲ. ಮೊದಲನೇ ಮಫ್ಲರಿನಲ್ಲಿ ನಮ್ಮತ್ತೆ ಬಿಸಿ ಪಾತ್ರೆ ಇಳಿಸುತ್ತಾರೆ. ಟೋಪಿ ಮಿಕ್ಸಿಗೆ ಧೂಳು ಕೂರದ ಹಾಗೆ ಕಾಯುತ್ತಿದೆ.

ಅತ್ತೆ ಶ್ರೀನಿವಾಸಪುರದ ಕಡೆಯವರು, ಸಿಟ್ಟು ಬಂದರೆ ಮಾತಿಗೆ ತೆಲುಗು ಬೆರೆಯುತ್ತೆ. ಹೋದ ದೀಪಾವಳಿ ಮುಗಿದ ಮೇಲೆ ಒಂದಿನ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತರು. "ಚಾಲು ಚಾಲು, ಸಾಕಿನ್ನು! ಸಂಕ್ರಾಂತಿಯೊಳಗೆ ಈ ಮನೇಲಿ ಒಬ್ಬರ ಮೈಮೇಲಾದ್ರೂ ನೀನು ಹೆಣೆದಿದ್ದು ಕಾಣ್ಬೇಕು. ಇಲ್ದಿದ್ರೆ ಕಡ್ಡಿ, ಉಲ್ಲನ್ನು ಎಲ್ಲಾ ಅಟ್ಟಕ್ಕೆ!"

ನಗುತ್ತಲೇ "ಆಗ್ಲಿ ಅತ್ತೆ" ಅಂದೆ. ಹಸು, ಸಗಣಿ, ಸಾರು, ಮುದ್ದೆ ಇದರ ಮಧ್ಯೆ ದಿನಕ್ಕೆ ಒಂದು ಗಂಟೆ ನನ್ನದು ಅಂತ ಇದ್ದಿದ್ದು ಈ ಹೆಣಿಗೆಯೊಂದೇ. ಯಜಮಾನರಿಗೇ ಒಂದು ಸ್ವೆಟರ್ ಅಂತ ಅವತ್ತೇ ಶುರು ಮಾಡಿದೆ.

ದೀಪ ಹಚ್ಚಿದ ಮೇಲೆ

ಮೊದಲನೇ ವಾರವೇ ಒಂದು ಕಡ್ಡಿ ಮಾಯ. ಮಂಚದ ಕೆಳಗೆ, ಹುಲ್ಲಿನ ಮೆದೆ ಹತ್ತಿರ, ಎಲ್ಲಾ ಹುಡುಕಿ ಸಂಜೆ ಅತ್ತೆಯನ್ನೇ ಕೇಳಿದೆ.

"ಇದೆ, ನನ್ನ ಹತ್ರಾನೇ ಇದೆ. ಲಂಗಕ್ಕೆ ಲಾಡಿ ಹಾಕಕ್ಕೆ ತಗೊಂಡೆ."

"ಕೊಡಿ ಮತ್ತೆ."

"ದೀಪ ಹಚ್ಚಾಯ್ತಲ್ಲ. ದೀಪ ಹಚ್ಚಿದ್ಮೇಲೆ ಸೂಜಿ ಕೈಯಿಂದ ಕೈಗೆ ಕೊಡಬಾರದು."

"ಅತ್ತೆ, ಇದು ಮೊಳದುದ್ದ ಇದೆ. ಸೂಜಿ ಹೇಗಾಗುತ್ತೆ?"

"ಉದ್ದ ಇದ್ದಷ್ಟೂ ದೋಷ ಜಾಸ್ತಿ."

ಬೆಳಗ್ಗೆ ಎದ್ದು ಅಡುಗೆಮನೆಗೆ ಹೋದರೆ ಅತ್ತೆ ಅದೇ ಕಡ್ಡಿಯಲ್ಲಿ ಇಡ್ಲಿ ಚುಚ್ಚಿ ಬೆಂದಿದೆಯಾ ಅಂತ ನೋಡುತ್ತಿದ್ದಾರೆ! ನನ್ನ ಮುಖ ನೋಡಿ ಕಡ್ಡಿಯನ್ನು ಸೆರಗಿಗೆ ಒರೆಸಿ ಕೈಗಿಟ್ಟರು. "ಏನೇ ಹೇಳು, ನಾಲ್ಕು ವರ್ಷದಲ್ಲಿ ಇವತ್ತೇ ಇದು ಒಂದು ಕೆಲಸಕ್ಕೆ ಬಂದಿದ್ದು."

ಎಪ್ಪತ್ತೆರಡು

ಬೆನ್ನಿನ ಭಾಗಕ್ಕೆ ಎಪ್ಪತ್ತೆರಡು ಕುಣಿಕೆ. ಪ್ರತಿ ಸಾಲು ಎಣಿಸಬೇಕು, ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ. ಅರವತ್ತೊಂಬತ್ತಕ್ಕೆ ಬಂದಿದ್ದೆ, ಮುಳಬಾಗಿಲಿನಿಂದ ನಾದಿನಿ ಫೋನು. ಕಿವಿಗೆ ಸಿಕ್ಕಿಸಿಕೊಂಡೆ.

"ಅತ್ತಿಗೆ, ಭಾನುವಾರ ಕುರುಡುಮಲೆ ಗಣಪನ ಹತ್ರ ಹೋಗೋಣ. ಊಟ ನಾನೇ ಮಾಡಿಸ್ತೀನಿ. ನಿಮ್ಕಡೆಯಿಂದ ಎಷ್ಟು ಜನ?"

"ಎಪ್ಪತ್ತು, ಎಪ್ಪತ್ತೊಂದು, ಎಪ್ಪತ್ತೆರಡು. ಹ್ಞೂಂ, ಎಪ್ಪತ್ತೆರಡು."

ಆ ಕಡೆಯಿಂದ ಸಣ್ಣ ದನಿಯಲ್ಲಿ "ಸರಿ ಅತ್ತಿಗೆ" ಅಂದು ಇಟ್ಟುಬಿಟ್ಟಳು. ಪಾಪ, ತವರುಮನೆ ಮರ್ಯಾದೆ ನೋಡಿ!

ಭಾನುವಾರ ಬಸ್ಸಿಂದ ನಾವು ಮೂರೇ ಜನ ಇಳಿದೆವು. ದೇವಸ್ಥಾನದ ಹತ್ತಿರ ಎರಡು ದೊಡ್ಡ ಪಾತ್ರೆ ಪುಳಿಯೋಗರೆ, ಒಂದು ಪಾತ್ರೆ ಮೊಸರನ್ನ, ಪಕ್ಕದಲ್ಲಿ ಅಡುಗೆಯವರು. ನಾದಿನಿ ನಮ್ಮ ಬೆನ್ನ ಹಿಂದೆ ಇಣುಕಿ ಇಣುಕಿ ನೋಡಿ, "ಮಿಕ್ಕವರು ಹಿಂದಿನ ಬಸ್ಸಲ್ಲಾ?" ಅಂದಳು.

ಇನ್ನೇನು ಮಾಡೋದು, ಗಣಪನ ದರ್ಶನಕ್ಕೆ ಬಂದವರನ್ನೆಲ್ಲ ಕರೆದು ಕರೆದು ಬಡಿಸಿದ್ದಾಯಿತು. ಉಂಡ ಅಜ್ಜಿಯೊಬ್ಬರು ಅತ್ತೆಗೆ ಕೈ ಮುಗಿದು, "ಪುಣ್ಯಾತ್ಗಿತ್ತಿ, ಏನು ಹರಕೆ ತಾಯಿ?" ಅಂದರು.

ಅತ್ತೆ ನನ್ನ ಕಡೆ ಒಂದು ನೋಟ ಬಿಟ್ಟು ಹೇಳಿದರು: "ನಮ್ಮ ಸೊಸೆಗೆ ಎಣಿಸೋದು ಬರಲಿ ಅಂತ."

ಮಲಗಿದ್ದವರ ಅಳತೆ

ಸ್ವೆಟರ್ ಯಜಮಾನರಿಗೆ ಗೊತ್ತಾಗದ ಹಾಗೆ ಮಾಡಬೇಕು ಅಂತ ನನಗೆ ಆಸೆ. ಅವರಿಗೆ ನರಸಾಪುರದ ಕಂಪನಿಯಲ್ಲಿ ಮೊದಲನೇ ಶಿಫ್ಟು. ನಸುಕಿಗೇ ಬಸ್ಸು ಹತ್ತಿ, ಮಧ್ಯಾಹ್ನ ಬಂದು ಉಂಡು ಮಲಗುತ್ತಾರೆ. ಮಲಗಿದ್ದಾಗಲೇ ದಾರ ಹಿಡಿದು ಅಳತೆ ತೆಗೆದುಬಿಟ್ಟೆ.

ಸಂಕ್ರಾಂತಿಗೆ ಎರಡು ದಿನ ಇತ್ತು. ಮುಗಿಸಿ ಕೊಟ್ಟೆ. ಅವತ್ತು ಬೆಳಗ್ಗೆ ಕೆಲಸಕ್ಕೆ ಹೊರಟವರು ಖುಷಿಯಾಗಿ ತಲೆ ತೂರಿಸಿದರು. ತೋಳು ಮೊಣಕೈಗೇ ನಿಂತಿತು. ಕೆಳಗೆ ಹೊಟ್ಟೆ ಪೂರಾ ಆಚೆ. ಚಳಿಗೆ ಮುದುರಿಕೊಂಡು ಮಲಗಿದ್ದವರ ಅಳತೆ ಅದು! ನನಗೆ ಅಳುವೇ ಬಂತು.

"ಒಂಚೂರು ಮುದುರಿಕೊಳ್ಳಿ, ಸರಿಹೋಗುತ್ತೆ" ಅಂದೆ.

"ಮುದುರಿಕೊಂಡು ಮಿಷಿನ್ ನಡೆಸ್ಲೇನೇ?"

ಅಷ್ಟರಲ್ಲಿ ಕಂಪನಿ ಬಸ್ಸು ಹಾರನ್ ಹೊಡೆಯಿತು. ಸ್ವೆಟರ್ ಮಂಚದ ಮೇಲೆ ಬಿಸಾಕಿ ಓಡಿದರು. ಅತ್ತೆ ಏಣಿ ತಂದು ಅಟ್ಟಕ್ಕೆ ಒರಗಿಸಿಟ್ಟರು.

ಮನೆಗೆ ಬಂದ ಲಕ್ಷ್ಮಿ

ಮಾರನೇ ದಿನ ಬೆಳಗಿನ ಜಾವ ಹಸು ಕರು ಹಾಕಿತು. ಹೆಣ್ಣುಗರು! ಅತ್ತೆಯನ್ನು ಹಿಡಿಯೋರಿಲ್ಲ. ಡೈರಿಗೆ ಹೋಗಿ ಹಾಲು ಹಾಕಕ್ಕೆ ಬಂದವರಿಗೆಲ್ಲ ಬೆಲ್ಲ ಹಂಚಿ, "ನಮ್ಮನೇಲಿ ಹೆಣ್ಣುಮಗು ಹುಟ್ಟಿದೆ, ನಮ್ಮನೆಗೆ ಲಕ್ಷ್ಮಿ ಬಂದವಳೆ" ಅಂತ ಸಾರಿಬಂದರು.

ನಾನು ನೀರು ಕಾಯಿಸಿಕೊಂಡು ಕೊಟ್ಟಿಗೆಗೆ ಹೋದರೆ ಕಣ್ಣು ನಂಬಕ್ಕಾಗಲಿಲ್ಲ. ಕರು ನನ್ನ ಸ್ವೆಟರ್ ಹಾಕಿಕೊಂಡು ನಿಂತಿದೆ! ಮುಂಗಾಲು ಎರಡೂ ತೋಳಿನಲ್ಲಿ, ಕತ್ತು ಕತ್ತಿನಲ್ಲಿ, ಹೊಟ್ಟೆಗೆ ಕರಾರುವಾಕ್ಕು. ಪಕ್ಕದಲ್ಲಿ ಅತ್ತೆ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ.

"ಗಡಗಡ ನಡುಗ್ತಿತ್ತಮ್ಮಾ. ಗೋಣಿಚೀಲ ಒದ್ದೆಯಾಗಿತ್ತು. ಮಂಚದ ಮೇಲೆ ಸುಮ್ನೆ ಬಿದ್ದಿತ್ತಲ್ಲ ಅಂತ..."

ನಾನು ಬಕೆಟ್ಟು ನಿಧಾನಕ್ಕೆ ಕೆಳಗಿಟ್ಟೆ. "ಅತ್ತೆ, ಇವತ್ತು ಡೈರೀಲಿ ಏನು ಹೇಳಿ ಬಂದ್ರಿ?"

"ಏನು ಹೇಳ್ದೆ?"

"ಹೆಣ್ಣುಮಗು ಹುಟ್ಟಿದ್ದು ಯಾರ ಮನೇಲಿ?"

"ನಮ್ಮನೇಲಿ."

"ಸಂಕ್ರಾಂತಿ ಯಾವಾಗ?"

"ನಾಳೆ."

"ಈಗ ಹೇಳಿ. ಈ ಮನೇಲಿ ಒಬ್ಬರ ಮೈಮೇಲಾದ್ರೂ ನಾನು ಹೆಣೆದಿದ್ದು ಕಾಣ್ತಾ ಇದೆಯೋ ಇಲ್ವೋ?"

ಅತ್ತೆ ಕರು ನೋಡಿದರು, ನನ್ನ ನೋಡಿದರು. ಆಮೇಲೆ ತಾವೇ ಹೋಗಿ ಏಣಿ ತೆಗೆದು ಹಿತ್ತಲಿಗೆ ಸಾಗಿಸಿದರು. ವಾಪಸ್ಸು ಬಂದು ಹಸುವಿನ ಬೆನ್ನು ಸವರುತ್ತಾ ನಿಂತರು.

"ಗೆದ್ದೆ ಬಿಡು. ಮಗಳಿಗೆ ಹಾಕಿದ್ಮೇಲೆ ತಾಯಿಗೂ ಒಂದು ಹಾಕಮ್ಮಾ, ಪಾಪ" ಅಂದವರು, ನಾನು ದಾರಕ್ಕೆ ಓಡುವಾಗ ಹಿಂದಿಂದ ಕೂಗಿದರು:

"ಎದ್ದು ನಿಂತಿರುವಾಗ ಅಳತೆ ತಗೋ ಕಣೇ!"