ಕಡ್ಡಿಗೆ ಚುಚ್ಚಿದ ಸಿಗಡಿ

ಉಗ್ರಾಣದ ಗುಮಾಸ್ತರ ಬಾಯಿಗೆ ಬೀಗವಿಲ್ಲ, ಎಡವಟ್ಟಾದದ್ದು ಅದರಿಂದಲೇ. ಊಟದ ವಿರಾಮದಲ್ಲಿ ಮ್ಯಾನೇಜರು ತಾವು ಇಂಡೋನೇಷ್ಯಾದಲ್ಲಿದ್ದಾಗ ತಿಂದ, ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಸಿಗಡಿಯನ್ನು ನೆನೆದು ನಿಟ್ಟುಸಿರು ಬಿಟ್ಟರು.

“ಅಯ್ಯೋ, ಅದೇನು ಮಹಾ ಸಾರ್! ನಮ್ಮನೇಲಿ ವಾರಕ್ಕೊಂದ್ಸಲ ನಾನೇ ಮಾಡ್ತೀನಿ,” ಎಂದುಬಿಟ್ಟರು ಗುಮಾಸ್ತರು. ಪುಣ್ಯಾತ್ಮರು ಈವರೆಗೆ ಒಂದು ಮೊಟ್ಟೆ ಬೇಯಿಸಿದವರಲ್ಲ.

“ಹೌದೇನ್ರೀ? ಹಾಗಾದ್ರೆ ಭಾನುವಾರ ಮಧ್ಯಾಹ್ನ ಬಂದೇಬಿಡ್ತೀನಿ!”

ಅದೇ ವಾರ ಬೆಟ್ಟದ ಮೇಲಿನ ಉಗ್ರಾಣಕ್ಕೆ ಒಬ್ಬ ಗುಮಾಸ್ತರನ್ನು ವರ್ಗ ಮಾಡಬೇಕಿತ್ತು. ಯಾರನ್ನು ಎಂಬುದು ಮ್ಯಾನೇಜರ ಕೈಯಲ್ಲಿತ್ತು. ಇತ್ತ ನಮ್ಮ ಗುಮಾಸ್ತರ ಹೆಂಡತಿಯ ಹೊಲಿಗೆ ಅಂಗಡಿಗೆ ಈಗಷ್ಟೇ ಗಿರಾಕಿಗಳು ಬರತೊಡಗಿದ್ದರು.

“ಊಟ ಚೆನ್ನಾಗಾದ್ರೆ ವರ್ಗ ತಪ್ಪಿಸಿ ಅಂತ ಕೇಳಿ,” ಎಂದಳು ಆಕೆ. “ಕೆಟ್ರೆ ನೀವೊಬ್ರೇ ಹತ್ತಿ ಆ ಬೆಟ್ಟಾನ. ನಾನಂತೂ ಅಂಗಡಿ ಬಿಟ್ಟು ಬರಲ್ಲ.”

ಭಾನುವಾರ ಬೆಳಿಗ್ಗೆ ಗುಮಾಸ್ತರು ಫೋನಿನಲ್ಲಿ ಓದಿಕೊಂಡಂತೆಯೇ ಬೆಳ್ಳುಳ್ಳಿ, ಶುಂಠಿ, ನಿಂಬೆಹುಲ್ಲು ಅರೆದು ಸಿಗಡಿಗೆ ಸವರಿದರು. ಕಡಲೆಕಾಯಿ ಹುರಿದು ಗೊಜ್ಜು ಮಾಡಿದರು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ, ‘ಬಿದಿರು ಕಡ್ಡಿಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ’ ಎಂದಿತ್ತು. ಇಪ್ಪತ್ತು ವರ್ಷ ಸರಕನ್ನು ತೇವದಿಂದ ಕಾಪಾಡಿದ ಜೀವ ಅದು! ಒಣಗಿದ ವಸ್ತುವನ್ನು ಕೈಯಾರೆ ನೆನೆಸಲು ಮನಸ್ಸು ಒಪ್ಪಲಿಲ್ಲ. ಬರೆದವನಿಗೆ ತಿಳಿವಳಿಕೆ ಸಾಲದು ಎಂದುಕೊಂಡು ಕಡ್ಡಿಗಳನ್ನು ಬಿಸಿಲಿಗೆ ಹರವಿ ಇನ್ನಷ್ಟು ಒಣಗಿಸಿದರು.

ಬಾಲ್ಕನಿಯ ಇದ್ದಿಲ ಒಲೆಯ ಮೇಲೆ ಇಟ್ಟದ್ದೇ ತಡ, ಕಡ್ಡಿಗಳು ಧಗ್ಗೆಂದು ಹತ್ತಿಕೊಂಡವು. ಸಿಗಡಿಗಳು ಒಂದೊಂದಾಗಿ ಕೆಂಡಕ್ಕೆ ಉದುರಿದವು. ಹೊಗೆ ಮೇಲಿನ ಮನೆಗೆ ನುಗ್ಗಿತು.

“ಬೆಂಕಿ! ಬೆಂಕಿ!” ಎಂದು ಕೂಗುತ್ತಾ ಮೇಲ್ಮನೆಯ ಸಂಗೀತದ ಮೇಷ್ಟ್ರು ಒಂದು ಬಕೆಟ್ ನೀರನ್ನು ನೇರ ಕೆಳಕ್ಕೆ ಸುರಿದರು. ಒಲೆ ಆರಿತು. ಗುಮಾಸ್ತರು ಒದ್ದೆ ಕೋಳಿಯಂತೆ ನಿಂತರು.

ಅಷ್ಟರಲ್ಲಿ ಕೆಳಮನೆಯ ನರ್ಸಮ್ಮ ಮೆಟ್ಟಿಲು ಹತ್ತಿ ಬಂದರು. ಯಾರ ಮನೆಯಲ್ಲಿ ಏನಾದರೂ ಆಕೆಗೆ ಮೊದಲು ಗೊತ್ತಾಗುತ್ತದೆ. “ಸರೀರಿ ಆಚೆ! ಇದು ಅಡುಗೇನಾ, ಹೋಮಾನಾ?” ಎಂದು ಗದರಿ, ಮಿಕ್ಕ ಸಿಗಡಿಯನ್ನೂ ಹೊಸ ಕಡ್ಡಿಗಳನ್ನೂ ತಮ್ಮ ಮನೆಗೆ ಒಯ್ದರು. ಕಡ್ಡಿ ನೆನೆಸಿ, ಚುಚ್ಚಿ, ತಿರುವಿ ತಿರುವಿ ಸುಟ್ಟು, ಒಂದು ಗಂಟೆಯಲ್ಲಿ ಹೊಂಬಣ್ಣದ ಸಿಗಡಿಯ ತಟ್ಟೆಯೊಂದಿಗೆ ಹಿಂತಿರುಗಿದರು. ಮ್ಯಾನೇಜರು ಆಗಷ್ಟೇ ಚಪ್ಪಲಿ ಬಿಡುತ್ತಿದ್ದರು.

ಮ್ಯಾನೇಜರು ಒಂದು ಕಡ್ಡಿ ತಿಂದರು, ಎರಡು ತಿಂದರು, ಐದನೆಯದಕ್ಕೆ ಕಣ್ಣೊರೆಸಿಕೊಂಡರು. ಹೆಂಡತಿ ಗುಮಾಸ್ತರನ್ನು ಮೊಣಕೈಯಿಂದ ತಿವಿದಳು.

“ಸಾರ್, ಆ ಬೆಟ್ಟದ ವರ್ಗದ ವಿಷ್ಯ...”

“ಅದನ್ನೇ ಹೇಳೋಣ ಅಂತಿದ್ದೆ ಕಣ್ರೀ. ನಿಮ್ಮನ್ನ ಕಳಿಸೋದು ಬೇಡ, ಬೇರೆಯವರನ್ನ ಕಳಿಸೋಣ ಅಂತ ನಿನ್ನೇನೇ ಬರೆದಿಟ್ಟಿದ್ದೆ. ಆದ್ರೆ ಅಲ್ಲಿಗೆ ನನ್ನನ್ನೂ ಹಾಕಿದ್ದಾರೆ, ಮೂರು ವರ್ಷ! ಇಂಥಾ ಕೈರುಚಿ ಇಲ್ಲೇ ಬಿಟ್ಟು ಹ್ಯಾಗ್ರೀ ಹೋಗ್ಲಿ? ಬರೆದಿದ್ದನ್ನ ಹರಿದು ಹಾಕ್ತೀನಿ. ನೀವು ನನ್ ಜೊತೆ ಬನ್ನಿ!”

ಗುಮಾಸ್ತರು ಮಾನ ಹೋದರೆ ಹೋಗಲಿ ಎಂದು ಎದ್ದು ನಿಂತರು. “ಸುಳ್ಳು ಹೇಳ್ದೆ ಸಾರ್! ಇದು ನಾನು ಮಾಡಿದ್ದಲ್ಲ! ಎಲ್ಲಾ ಈ ನರ್ಸಮ್ಮಂದು! ಹೇಳಿ ನರ್ಸಮ್ಮ!”

ದಿನಾ ಬೆಳಗಾದರೆ “ನಾನಿಲ್ದಿದ್ರೆ ಈ ಬಿಲ್ಡಿಂಗೇ ನಡಿಯಲ್ಲ” ಎನ್ನುವ ನರ್ಸಮ್ಮ, ಮ್ಯಾನೇಜರು ಜೊತೆಗೆ ಕರೆದೊಯ್ಯುವುದೆಂದರೆ ಬಡ್ತಿಯೇ ಇರಬೇಕು ಎಂದುಕೊಂಡರು. ಪಾಪ, ಅದೇ ಕೈತಪ್ಪುತ್ತಿದೆ ಎಂದು ಅವರ ಕರುಳು ಚುರ್ರೆಂದಿತು.

“ಅಯ್ಯೋ, ನಾನೇನ್ ಮಾಡ್ದೆ ಸಾರ್? ತಟ್ಟೆ ಹಿಡ್ಕೊಂಡು ಬಂದೆ ಅಷ್ಟೆ. ಎಲ್ಲಾ ಇವರದೇ ಕೈಗುಣ. ಇವರಿಗೆ ಸಂಕೋಚ ಜಾಸ್ತಿ!”

“ಎಂಥಾ ವಿನಯಾರೀ ನಿಮ್ದು!” ಎಂದು ಮ್ಯಾನೇಜರು ಗುಮಾಸ್ತರನ್ನು ತಬ್ಬಿಕೊಂಡರು.

ಹೆಂಡತಿ ಒಳಗೆ ಹೋಗಿ ಟೇಪು ತಂದಳು.

“ಕೈ ಅಗಲಿಸಿ ನಿಂತ್ಕೊಳ್ಳಿ,” ಎಂದಳು. “ಬೆಟ್ಟದ ಮೇಲೆ ಚಳಿಯಂತೆ. ಕೋಟಿಗೆ ಅಳತೆ ತಗೋತೀನಿ.”